ಕಲ್ಯಾಣದ ಕಾಲದ ನಕ್ಷತ್ರವೂ ಗಾಮಾ ಸ್ಫೋಟದ ಉಳಿಬೆಳಕೂ

ಇಂದಿನ ಬಸವಕಲ್ಯಾಣ ಆಗ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ರಾಜಧಾನಿ. 1054ರ ಜುಲೈಯಲ್ಲಿ ವೃಷಭ ರಾಶಿಯ ಕಡೆ ಹೊಸ ನಕ್ಷತ್ರವೊಂದು ಕಾಣಿಸಿಕೊಂಡಿತು. ಚೀನಾದ ಖಗೋಳಜ್ಞರು ಅದನ್ನು ‘ಅತಿಥಿ ನಕ್ಷತ್ರ’ ಎಂದು ಬರೆದಿಟ್ಟರು. 23 ದಿನ ಅದು ಹಗಲಿನಲ್ಲೂ ಕಾಣುತ್ತಿತ್ತು. ಸಿಡಿದ ಆ ನಕ್ಷತ್ರದ ಅವಶೇಷವೇ ಏಡಿ ನೀಹಾರಿಕೆ. ಹುಮನಾಬಾದಿನ ನನಗೆ ಕಲ್ಯಾಣದ ಚರಿತ್ರೆಯೆಂದರೆ ಕೋಟೆ, ಶಾಸನ, ಶರಣರು. ಸಂಶೋಧನೆಗೆ ಬಂದ ಮೇಲೆ ಆ ಸಾಲಿಗೆ ಈ ನಕ್ಷತ್ರವೂ ಸೇರಿತು. ಏಕೆಂದರೆ ಗಾಮಾ ಕಿರಣಗಳ ಪ್ರಖರತೆಗೆ ನಮ್ಮಲ್ಲಿ ಅದೇ ಅಳತೆಗೋಲು: ‘ಇದು ಎಷ್ಟು ಏಡಿ?’ ಎಂದು ಕೇಳುತ್ತೇವೆ.

ನನ್ನ ವಿಷಯ ಅದಕ್ಕಿಂತ ಬಹುದೂರದ ಸ್ಫೋಟಗಳು. ಅಣ್ವಸ್ತ್ರ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರಲ್ಲಿ ಆಕಾಶದಾಳದ ಗಾಮಾ ಮಿಂಚೊಂದನ್ನು ಹಿಡಿದವು. ಸುದ್ದಿ ಹೊರಬಿದ್ದದ್ದು 1973ರಲ್ಲಿ. 1990ರ ದಶಕದಲ್ಲಿ ಇಸ್ರೊದ ಸ್ರಾಸ್ ಉಪಗ್ರಹಗಳಲ್ಲೂ ಇಂಥ ಮಿಂಚು ಹಿಡಿಯುವ ಉಪಕರಣವಿತ್ತು. ಮಿಂಚು ಆರಿದ ಮೇಲೂ ಉಳಿಯುವ ಬೆಳಕು ಮೊದಲು ಸಿಕ್ಕಿದ್ದು 1997ರ ಫೆಬ್ರವರಿ 28ರ ಸ್ಫೋಟದಲ್ಲಿ, ಬೆಪ್ಪೊಸ್ಯಾಕ್ಸ್ ಉಪಗ್ರಹಕ್ಕೆ.

ಮರುವರ್ಷ ಸಾರಿ, ಪಿರಾನ್ ಮತ್ತು ರಮೇಶ್ ನಾರಾಯಣ್ ಈ ಉಳಿಬೆಳಕಿನ ಲೆಕ್ಕ ಕೊಟ್ಟರು. ಸ್ಫೋಟದಿಂದ ಚಿಮ್ಮಿದ ವಸ್ತು ಸುತ್ತಲಿನ ಅನಿಲಕ್ಕೆ ಬಡಿದು ಆಘಾತದ ಅಲೆ ಏಳುತ್ತದೆ. ಅಲ್ಲಿ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ಬೆಳಕು ಸೂಸುತ್ತವೆ. ಇದು ಸಿಂಕ್ರೊಟ್ರಾನ್ ವಿಕಿರಣ. ಆದರೆ ಇದಕ್ಕೊಂದು ಮೇಲ್ಮಿತಿಯಿದೆ: ಗಳಿಸಿದಷ್ಟೇ ಬೇಗ ಶಕ್ತಿ ಕಳೆದುಕೊಳ್ಳುವ ಎಲೆಕ್ಟ್ರಾನು ಇನ್ನಷ್ಟು ಮೇಲೇರಲಾರದು.

2019ರ ಜನವರಿ 14ರಂದು ಆ ಮಿತಿ ಸ್ಪಷ್ಟವಾಗಿ ಮುರಿಯಿತು. ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳು ಸುಮಾರು ಒಂದು ಟೆರಾ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಕಿರಣಗಳನ್ನು ಕಂಡವು. ಮೊದಲ 30 ಸೆಕೆಂಡು ಅದರ ಪ್ರಖರತೆ ಸುಮಾರು ನೂರು ಏಡಿ! ವಿವರಣೆ ಹೀಗೆ: ಎಲೆಕ್ಟ್ರಾನುಗಳು ತಾವೇ ಸೂಸಿದ ಬೆಳಕಿಗೆ ಮತ್ತೆ ಡಿಕ್ಕಿಯಾಗಿ ಅದನ್ನು ಮೇಲಕ್ಕೆ ತಳ್ಳುತ್ತವೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷದ ಆಗಸ್ಟ್ 29ರ ಸ್ಫೋಟವನ್ನು ನಮೀಬಿಯಾದ ಹೆಸ್ ದೂರದರ್ಶಕಗಳು ಮೂರು ರಾತ್ರಿ ನೋಡಿದವು. ಅಲ್ಲಿ ಎಕ್ಸ್ ಕಿರಣವೂ ಗಾಮಾ ಕಿರಣವೂ ಒಂದೇ ರೀತಿ ಇಳಿದವು. ಎರಡಕ್ಕೂ ಮೂಲ ಒಂದೇ ಎಂಬಂತೆ. ಬೇರೆ ತಂಡಗಳು ಡಿಕ್ಕಿಯ ವಿವರಣೆಯನ್ನೇ ಎತ್ತಿಹಿಡಿದವು. ಹೆಸ್ ತಂಡದ ಸೂಚನೆ ನಿಜವಾದರೆ ಎಲೆಕ್ಟ್ರಾನುಗಳು ವೇಗ ಪಡೆಯುವ ಬಗೆಯ ಬಗ್ಗೆ ನಾವು ನಂಬಿದ ಮಿತಿಯನ್ನೇ ಬಿಡಬೇಕಾಗುತ್ತದೆ. ನನ್ನಂಥವರು ಮಾದರಿಗಳಲ್ಲಿ ಹುಡುಕುತ್ತಿರುವುದು ಈ ತೀರ್ಪನ್ನೇ.