ಚೀನಾ ಕುರಿತ ಜನಾಭಿಪ್ರಾಯ ಮತ್ತು ಭಾರತದ ವಿದೇಶಾಂಗ ನೀತಿ

ಬಲವೃದ್ಧಿಸಿಕೊಳ್ಳುತ್ತಿರುವ ಪರರಾಷ್ಟ್ರದ ಬಗ್ಗೆ ಜನರಲ್ಲಿ ಮೂಡುವ ಮೆಚ್ಚುಗೆ, ಅಂಜಿಕೆ, ಸಿಟ್ಟುಗಳು ಸರ್ಕಾರದ ತೀರ್ಮಾನಗಳನ್ನು ತಟ್ಟುತ್ತವೆ. ಭಾರತದಲ್ಲಿ ಇದರ ಸ್ಪಷ್ಟ ನಿದರ್ಶನ ಚೀನಾ. 1950ರ ದಶಕದ ‘ಹಿಂದಿ–ಚೀನಿ ಭಾಯಿ ಭಾಯಿ’ ಉತ್ಸಾಹ 1962ರ ಯುದ್ಧದಲ್ಲಿ ಆಕ್ರೋಶವಾಗಿ ಮಾರ್ಪಟ್ಟು, ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅಧಿಕಾರ ಬಿಡಬೇಕಾಯಿತು.

2020ರ ಜೂನ್ 15ರಂದು ಲಡಾಖ್‌ನ ಗಲ್ವಾನ್ ಕಣಿವೆಯಲ್ಲಿ ಚೀನಾ ಸೇನೆಯೊಂದಿಗಿನ ಘರ್ಷಣೆಯಲ್ಲಿ 20 ಭಾರತೀಯ ಯೋಧರು ಹುತಾತ್ಮರಾದಾಗ ಚೀನಾ ಸರಕುಗಳ ಬಹಿಷ್ಕಾರದ ಕೂಗೆದ್ದಿತು. ಎರಡೇ ವಾರದಲ್ಲಿ ಟಿಕ್‌ಟಾಕ್ ಸೇರಿ ಚೀನಾದ 59 ಆ್ಯಪ್‌ಗಳು ನಿಷೇಧಗೊಂಡವು. ಆ ವರ್ಷದ ಐಪಿಎಲ್ ಪ್ರಾಯೋಜಕತ್ವದಿಂದ ಚೀನಾದ ಮೊಬೈಲ್ ಕಂಪನಿ ವಿವೊ ಹಿಂದೆ ಸರಿಯಿತು. ಆದರೆ ಎಲ್ಲವನ್ನೂ ಜನರ ಸಿಟ್ಟಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಭಾರತದೊಂದಿಗೆ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಒಪ್ಪಿಗೆ ಕಡ್ಡಾಯವಾದದ್ದು ಗಲ್ವಾನ್‌ಗೂ ಮೊದಲು, ಏಪ್ರಿಲ್‌ನಲ್ಲಿ.

ಈ ಬಿಗಿ ನಿಲುವಿನ ಬಿಸಿ ಬೆಂಗಳೂರಿಗೂ ತಟ್ಟಿತು. ನಮ್ಮ ಮೆಟ್ರೋಗೆ 216 ಬೋಗಿ ಪೂರೈಸುವ ಗುತ್ತಿಗೆಯನ್ನು ಚೀನಾದ ಸಿಆರ್‌ಆರ್‌ಸಿ 2019ರಲ್ಲೇ ಪಡೆದಿತ್ತು. ಹೂಡಿಕೆ ನಿರ್ಬಂಧ, ಎಂಜಿನಿಯರುಗಳ ವೀಸಾ ತೊಡಕುಗಳ ನಡುವೆ ಕೆಲಸ ಕುಂಟಿತು. ಬಹುಪಾಲು ಬೋಗಿಗಳ ತಯಾರಿ ಭಾರತದ ಟೀಟಾಗಢ್ ಕಂಪನಿಯ ಪಾಲಾಯಿತು. ಈ ಬೋಗಿಗಳಿಗಾಗಿ ಕಾದಿದ್ದ ಮೆಟ್ರೋ ಹಳದಿ ಮಾರ್ಗ ಶುರುವಾದದ್ದು 2025ರ ಆಗಸ್ಟ್‌ನಲ್ಲಿ. ರಾಷ್ಟ್ರೀಯ ನಿಲುವಿನ ಬೆಲೆಯನ್ನು ಇಲ್ಲಿ ತೆತ್ತವರು ದಿನನಿತ್ಯದ ಪ್ರಯಾಣಿಕರು.

ನಗರದ ಉತ್ತರ ತುದಿಯ ಯಲಹಂಕದಲ್ಲಿ ಕಂಡದ್ದು ಇನ್ನೊಂದು ಮುಖ. 2021ರ ಫೆಬ್ರುವರಿಯಲ್ಲಿ, ಲಡಾಖ್‌ನಲ್ಲಿ ಎರಡೂ ದೇಶಗಳ ಸೇನೆಗಳು ಮುಖಾಮುಖಿಯಾಗಿದ್ದಾಗಲೇ, ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲಿ ಎಚ್‌ಎಎಲ್‌ಗೆ 83 ತೇಜಸ್ ಯುದ್ಧವಿಮಾನಗಳ ಗುತ್ತಿಗೆ ಸಿಕ್ಕಿತು. ಆ ಖರೀದಿಯ ಮಾತುಕತೆ ಹಳೆಯದು. ಸ್ವಾವಲಂಬನೆಗಿದ್ದ ಜನಬೆಂಬಲ ಮಾತ್ರ ಆಗ ಗಟ್ಟಿಯಾಗಿತ್ತು.

ಇಷ್ಟೆಲ್ಲದರ ನಡುವೆಯೂ ಚೀನಾದೊಂದಿಗಿನ ವ್ಯಾಪಾರ ನಿಲ್ಲಲಿಲ್ಲ. 2025ರ ಜುಲೈನಲ್ಲಿ ಚೀನೀಯರಿಗೆ ಪ್ರವಾಸಿ ವೀಸಾ, ಅಕ್ಟೋಬರ್‌ನಲ್ಲಿ ಎರಡು ದೇಶಗಳ ನಡುವಿನ ನೇರ ವಿಮಾನ ಸಂಚಾರ ಮರಳಿದವು.