ಹಳ್ಳದ ದಂಡೆಯ ಪಂಚಾಂಗ

ಗಜೇಂದ್ರಗಡದ ಗುಡ್ಡ ಇಳಿದು ರೋಣದ ದಾರಿ ಹಿಡಿದರೆ ಕಣ್ಣು ಹಾಯುವಷ್ಟು ದೂರವೂ ಎರೆಭೂಮಿ. ಈ ಸೀಮೆಯ ಹಳ್ಳ-ಹೊಳೆಗಳ ಕಡಿದಾದ ದಂಡೆಯಲ್ಲಿ ಹಲವೆಡೆ ಮೇಲೆ ಕರಿಮಣ್ಣು, ಅದರ ಕೆಳಗೆ ಸುಣ್ಣದ ಹರಳು ಬೆರೆತ ಮಣ್ಣು, ತಳದಲ್ಲಿ ಗುಂಡುಕಲ್ಲಿನ ಗರಸು ಕಾಣುತ್ತವೆ. ಮೇಲಿನದು ಹೊಸದು, ಕೆಳಗಿನದು ಹಳೆಯದು ಎಂದು ಹೇಳಲು ಪಂಡಿತರು ಬೇಕಾಗಿಲ್ಲ. ಆದರೆ ಎಷ್ಟು ಹಳೆಯದು? ಮಲಪ್ರಭೆಯ ಗರಸೂ ಕೃಷ್ಣೆಯ ಗರಸೂ ಒಂದೇ ಕಾಲದವೆ? ಈ ಎರಡು ಪ್ರಶ್ನೆಗಳು ವಿದ್ವಾಂಸರನ್ನು ಬಹುಕಾಲ ಕಾಡಿವೆ.

ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫುಟ್ ಅವರು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದರು. ಮುಂದೆ ನಮ್ಮ ನದಿಗಳ ಕಣಿವೆಗಳನ್ನೂ ಅವರು ಸುತ್ತಿದರು. ಗೋಕಾಕದ ಹತ್ತಿರ ಅವರಿಗೆ ಘೇಂಡಾಮೃಗದ ಎಲುಬುಗಳು ದೊರೆತವು. ಈಗ ಅಳಿದುಹೋದ ಇಂಥ ಪ್ರಾಣಿಗಳ ಎಲುಬೇ ಆಗ ಪದರಿನ ಪ್ರಾಚೀನತೆಗೆ ಮುಖ್ಯ ಸಾಕ್ಷಿ. ಆರ್. ವಿ. ಜೋಶಿಯವರು ಮಲಪ್ರಭೆಯ ದಂಡೆಗಳನ್ನು ಪದರು ಪದರಾಗಿ ಅಭ್ಯಸಿಸಿ 1955ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬಾದಾಮಿ ತಾಲೂಕಿನ ಖ್ಯಾಡದ ಗರಸಿನಲ್ಲಿ ಕಲ್ಲಿನ ಕೈಗೊಡಲಿಗಳು ಸಿಕ್ಕವು.

ಹಿಮಯುಗದಲ್ಲಿಯೂ ನಮ್ಮ ನಾಡಿನಲ್ಲಿ ಹಿಮ ಹರಿದಾಡಲಿಲ್ಲ. ಆದ್ದರಿಂದ ಹಿಂದಿನವರು ಒಂದು ಊಹೆಯನ್ನು ಆಧಾರವಾಗಿ ಇಟ್ಟುಕೊಂಡರು: ಹಿಮಾಲಯದಲ್ಲಿ ಹಿಮ ಬೆಳೆದಾಗ ದಕ್ಷಿಣದಲ್ಲಿ ಮಳೆ ಹೆಚ್ಚಿತು, ಗರಸು ದೊಡ್ಡ ಮಳೆಯ ಗುರುತು, ನುಣುಪಾದ ಮೆಕ್ಕಲು ಒಣಕಾಲದ ಗುರುತು. ಲೆಕ್ಕ ಸರಳವಾಗಿತ್ತು, ನದಿ ಅಷ್ಟು ಸರಳವಲ್ಲ. ಪಾತ್ರ ಸರಿದರೂ ನೆಲ ಏರಿದರೂ ಗರಸು ಬೀಳುತ್ತದೆ. ಹಿಮಯುಗದ ತೀವ್ರ ಚಳಿಗಾಲಾವಧಿಯಲ್ಲಿ ನಮ್ಮ ಮುಂಗಾರು ಕುಗ್ಗಿತ್ತೆಂದು ಈಗ ತಿಳಿದಿದೆ. ಮೇಲಾಗಿ, ನೀರು ಉರುಳಿಸಿ ತಂದ ಆಯುಧ ತಾನು ಸಿಕ್ಕ ಗರಸಿಗಿಂತ ಹಳೆಯದಿರಬಹುದು. ಅಜ್ಜನ ಕಾಲದ ನಾಣ್ಯ ಮೊಮ್ಮಗನ ಚೀಲದಲ್ಲಿ ಇರುವುದಿಲ್ಲವೆ?

ಹೀಗಾಗಿ ಪದರಿನೊಳಗೇ ಗಡಿಯಾರ ಹುಡುಕಬೇಕಾಯಿತು. 1949ರಲ್ಲಿ ಬೆಳಕಿಗೆ ಬಂದ ಇಂಗಾಲದ ವಿಧಾನ ಸುಮಾರು 50,000 ವರ್ಷದಾಚೆಗೆ ಕೈಕೊಡುತ್ತದೆ. ಅದರಾಚೆಗೆ ಬೇರೆ ಗಡಿಯಾರಗಳುಂಟು. ಬಿಸಿಲು ಕಂಡ ಉಸುಕಿನ ಕಣದಲ್ಲಿಯ ಶಕ್ತಿ ಬರಿದಾಗಿ, ಹೂತ ಮೇಲೆ ಸುತ್ತಲಿನ ಕಿರಣಗಳಿಂದ ಮತ್ತೆ ತುಂಬುತ್ತ ಹೋಗುತ್ತದೆ. ಅದನ್ನು ಅಳೆದರೆ ಕಣ ಕೊನೆಯ ಬಾರಿ ಬಿಸಿಲು ಕಂಡ ಕಾಲ ತಿಳಿಯುತ್ತದೆ. ಸುಣ್ಣದ ಹರಳಿನಲ್ಲಿ ಯುರೇನಿಯಂ ಥೋರಿಯಂ ಆಗುವ ಪ್ರಮಾಣವೂ ಒಂದು ಗಡಿಯಾರ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪದ್ದಯ್ಯನವರ ತಂಡಕ್ಕೆ ಆದಿಮಾನವರು ಸುಣ್ಣಕಲ್ಲಿನ ಆಯುಧ ಮಾಡಿದ ನೆಲೆ ಸಿಕ್ಕಿತು. ಅಲ್ಲಿಯ ಪ್ರಾಣಿಗಳ ಹಲ್ಲಿನ ಹೊರಕವಚವನ್ನು ಪರೀಕ್ಷಿಸಿ, 2002ರಲ್ಲಿ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಪ್ರಕಟಿಸಿದರು.

ಇನ್ನು ಕಣಿವೆಗೂ ಕಣಿವೆಗೂ ತಾಳೆ ಹಾಕುವ ಮಾತು. ಅದಕ್ಕೆ ಎಲ್ಲೆಡೆ ಒಮ್ಮೆಲೇ ಬಿದ್ದ ಗುರುತು ಬೇಕು. ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಸಿಡಿದಾಗ ಅದರ ಬೂದಿ ಭಾರತದ ಮೇಲೂ ಬಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಸೇರಿದ್ದ ತಂಡ ಆಂಧ್ರದ ಜ್ವಾಲಾಪುರದಲ್ಲಿ ಈ ಬೂದಿಯ ಮೇಲೂ ಕೆಳಗೂ ಕಲ್ಲಾಯುಧಗಳನ್ನು ಕಂಡು 2007ರಲ್ಲಿ ವರದಿ ಮಾಡಿತು. ಆದರೆ ಬೂದಿಯನ್ನೂ ಎಚ್ಚರದಿಂದ ಓದಬೇಕು. ಪುಣೆ ಜಿಲ್ಲೆಯ ಬೋರಿಯ ಬೂದಿಗೆ ಒಂದು ಲೆಕ್ಕ ಸುಮಾರು 14 ಲಕ್ಷ ವರ್ಷ ಎಂದಿತು. ಇನ್ನೊಂದು 6,70,000 ಎಂದಿತು. ಬೂದಿಯ ರಸಾಯನ ಗುಣ ಹೋಲಿಸಿದವರು ಅದು ಟೋಬಾದ್ದೇ ಎಂದರು. ಆದ್ದರಿಂದಲೇ ಒಂದೇ ಗಡಿಯಾರವನ್ನು ನಂಬಿ ಕೂಡುವಂತಿಲ್ಲ. ಎರಡು-ಮೂರು ಸಾಕ್ಷಿಗಳು ಒಂದೇ ಮಾತು ಹೇಳಬೇಕು.

ಆ ಸಾಕ್ಷಿಗಳೆಲ್ಲ ಪದರಿನಲ್ಲಿಯೇ ಇವೆ. ದಂಡೆಯಿಂದ ಕಿತ್ತು ಮನೆಯ ಗೂಡಿನಲ್ಲಿಟ್ಟ ಕೈಗೊಡಲಿ ನೋಡಲು ಚೆಂದ. ಆದರೆ ತನ್ನ ಕಾಲವನ್ನು ಹೇಳಲಾರದು. ಗರಸು, ಉಸುಕು ತುಂಬಿದ ಗಾಡಿಯ ಜೊತೆಗೆ ಪಂಚಾಂಗದ ಒಂದು ಪುಟವೇ ಹೊರಟುಹೋಗುತ್ತದೆ. ಮಕ್ಕಳೊಡನೆ ಹಳ್ಳಕ್ಕೆ ಹೋದಾಗ ಚೂಪಾಗಿ ಕೆತ್ತಿದ ಕಲ್ಲು ಕಂಡರೆ ಅದನ್ನು ಕೀಳದಿರಿ. ಸ್ಥಳವನ್ನೂ ಪದರನ್ನೂ ಬರೆದುಕೊಂಡು ತಿಳಿದವರಿಗೆ ತಿಳಿಸಿ. ಕಲ್ಲು ಲಕ್ಷಾಂತರ ವರ್ಷ ಕಾದಿದೆ. ಇನ್ನಷ್ಟು ದಿನ ಕಾಯುವುದು ಅದಕ್ಕೆ ಭಾರವಲ್ಲ.