ಬೀಸುಕಲ್ಲಿನಿಂದ ಸೈಕಲ್ಲಿಗೆ: ತನ್ನ ಜೋಡಿ ತಾನ ಮಾತಾಡಿದ ಹೆಣ್ಮಕ್ಕಳ ಕಥಿ

ನಮ್ಮ ಕಡೆ ಒಬ್ಬಾಕಿನ ಮಾತಾಡ್ಕೋತ ಇರೋ ಹೆಣ್ಮಗಳಿಗೆ ಎರಡು ಹೆಸರು ಅವ. ದೇವರ ಮುಂದ ಕೂತು ತುಟಿ ಅಲ್ಲಾಡಿಸಿದ್ರ ಭಕ್ತಿವಂತಿ. ಅದ ತುಟಿ ರಸ್ತಾದ ಮ್ಯಾಲೆ ಅಲ್ಲಾಡಿದ್ರ ತಲಿ ಕೆಟ್ಟಾಕಿ. ಗಂಡಸರಿಗೆ ಈ ತ್ರಾಸ ಕಡಿಮಿ. ಅವರು ತಮ್ಮಷ್ಟಕ್ಕ ತಾವು ಮಾತಾಡ್ಕೋತ ಹೊಂಟ್ರ, ಏನೋ ದೊಡ್ಡ ವಿಚಾರದಾಗ ಇದ್ದಾರ ಅಂತ ಮಂದಿ ಸರಿದು ದಾರಿ ಬಿಡ್ತಾರ. ಈ ಸಲ ಸೈಕಲ್ ತುಳ್ಕೋತ ಕೆಲಸಕ್ಕ ಹೋಗೋ ಹೆಣ್ಮಗಳು ತನ್ನ ಜೋಡಿ ತಾನ ಮಾತಾಡೂದರ ಬಗ್ಗೆ ಬರೀತೀನಿ. ಸಣ್ಣ ವಿಷಯ ಅನಸ್ತದ ಖರೆ. ಆದ್ರ ಇದಕ್ಕ ಉದ್ದನ್ನ ಇತಿಹಾಸ ಅದ, ಮತ್ತ ಅದು ಸೈಕಲ್ ಹುಟ್ಟೂಕಿಂತ ಮೊದಲ ನಮ್ಮ ಅಡಿಗಿಮನಿ ಮಗ್ಗಲ ಶುರು ಆಗ್ತದ.

ಹಳೇ ಕಾಲದಾಗ ಹೆಣ್ಮಕ್ಕಳಿಗೆ ಒಂಟಿ ಹೊತ್ತು ಅಂತ ಸಿಗ್ತಿದ್ದದ್ದು ಎಲ್ಲೆ? ಬೀಸುಕಲ್ಲಿನ ಮುಂದ. ನಸಿಕಿನ್ಯಾಗ, ಮನಿಮಂದಿ ಏಳೂಕಿಂತ ಮೊದಲ, ಕಲ್ಲಿನ ಮುಂದ ಕಾಲು ಚಾಚಿ ಕೂತು ಜ್ವಾಳ ಹಾಕ್ಕೋತ ಗೂಟ ತಿರುಗಿಸೂದು. ಕಲ್ಲಿನ ಸಪ್ಪಳದಾಗ ಆಕಿ ಏನು ಅಂತಾಳ ಅನ್ನೂದು ಯಾರಿಗೂ ಪೂರ್ತಿ ಕೇಳಸ್ತಿದ್ದಿಲ್ಲ. ಅದಕ್ಕ ಆಕಿ ಎಲ್ಲಾ ಅಂದ್ಲು. ತವರಿನ ನೆನಪು, ಅಣ್ಣ ಬರಲಿಲ್ಲ ಅನ್ನೋ ಸಿಟ್ಟು, ಅತ್ತಿ ಮಾತಿನ ಉರಿ, ಮಗನ ಮ್ಯಾಲಿನ ಮಾಯಾ, ಎಲ್ಲಾ ಮೂರು ಮೂರು ಸಾಲಿನ ತ್ರಿಪದಿ ಆಗಿ ಹೊರಗ ಬಂತು. ಎದುರಿಗೆ ಕೇಳವರು ಯಾರೂ ಇರದಿದ್ರೂ ಕಲ್ಲಿಗೇ ತಾಯಿ ಅಂತ ಕರದು ಹೇಳಿದ್ರು. ವಿಜಯಪುರ ಜಿಲ್ಲಾದ ಹಲಸಂಗಿ ಗೆಳೆಯರು ಇಂಥಾ ಪದಗಳನ್ನ ಹೆಣ್ಮಕ್ಕಳ ಬಾಯಿಂದ ಕೇಳಿ ಬರಕೊಂಡು 1931ರಾಗ ‘ಗರತಿಯ ಹಾಡು’ ಅಂತ ಪುಸ್ತಕ ಮಾಡಿದ್ರು. ಆವಾಗ ಕಲಿತ ಮಂದಿಗೂ ಗೊತ್ತಾತು, ನಮ್ಮ ಮನಿ ಹೆಣ್ಮಕ್ಕಳು ಒಬ್ಬರ ಕೂತು ಅಂದದ್ದರಾಗ ಎಷ್ಟು ಅದ ಅಂತ.

ಮುಂದ ಊರಿಗೆ ಹಿಟ್ಟಿನ ಗಿರಣಿ ಬಂತು. ರಟ್ಟಿ ನೋವು ತಪ್ಪಿತು, ಭಾಳ ಚಲೋನ ಆತು. ಆದ್ರ ಆ ನಸಿಕಿನ ಒಂದು ತಾಸೂ ಅದರ ಜೋಡಿನ ಹೋತು. ಗಿರಣಿ ಮುಂದ ಪಾಳಿ ಹಚ್ಚಿ ನಿಂತಲ್ಲೆ ಮಾತಾಡೂದು ಬ್ಯಾರೆ, ಅಲ್ಲೆ ಹತ್ತು ಕಿವಿ ಇರ್ತಾವ.

ಈಗ ಇನ್ನೊಂದು ಗಾಲಿ ಕಥಿ ಕೇಳ್ರಿ. 1817ರಾಗ ಜರ್ಮನಿಯ ಮ್ಯಾನ್‌ಹೈಮ್ ಊರಾಗ ಕಾರ್ಲ್ ಡ್ರೈಸ್ ಅನ್ನಾಂವ ಎರಡು ಗಾಲಿಯ ಕಟ್ಟಗಿ ಗಾಡಿ ಮಾಡಿ ಓಡಿಸಿದ. ಅದಕ್ಕ ಪೆಡಲ್ ಇದ್ದಿಲ್ಲ. ಕೂತು, ನೆಲಾ ಕಾಲಿಲೆ ಒದ್ಕೋತ ಹೋಗೂದು. ಪೆಡಲ್ ಬಂದದ್ದು 1860ರ ದಶಕದಾಗ, ಪ್ಯಾರಿಸ್ಸಿನ್ಯಾಗ. ಆಮ್ಯಾಲೆ ಮುಂದಿನ ಗಾಲಿ ಆಳೆತ್ತರ, ಹಿಂದಿಂದು ಗೇಣುದ್ದ ಇರೋ ಸೈಕಲ್ ಬಂತು. ಉದ್ದನ್ನ ಲಂಗಾ ಉಟ್ಟ ಹೆಣ್ಮಕ್ಕಳು ಅದನ್ನ ಏರೂದು ಎಲ್ಲಿ ಬಂತು! 1885ರಾಗ ಇಂಗ್ಲೆಂಡಿನ ಕೊವೆಂಟ್ರಿಯೊಳಗ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚು ಕಡಿಮಿ ಒಂದ ಅಳತಿ ಮಾಡಿ, ಹಿಂದಿನ ಗಾಲಿಗೆ ಚೈನ್ ಹಾಕಿದ. 1888ರಾಗ ಜಾನ್ ಡನ್‌ಲಪ್ ಬೆಲ್‌ಫಾಸ್ಟಿನ್ಯಾಗ ಗಾಳಿ ತುಂಬೋ ಟಾಯರ್ ಮಾಡಿದ. ಇವೆರಡೂ ಕೂಡಿದ ಮ್ಯಾಲೆ ಹೆಣ್ಮಕ್ಕಳೂ ಸೈಕಲ್ ಹತ್ತಿದ್ರು.

ಹತ್ತಿದ ಕೂಡ್ಲೇ ಬುದ್ಧಿ ಹೇಳವರು ಹುಟ್ಟಿದ್ರು. 1890ರ ದಶಕದಾಗ ಇಂಗ್ಲೆಂಡ್ ಅಮೆರಿಕಾದ ಕೆಲವು ಡಾಕ್ಟರು ‘ಸೈಕಲ್ ಮಾರಿ’ ಅನ್ನೋ ಒಂದು ರೋಗಾನ ಕಂಡುಹಿಡದ್ರು! ಸೈಕಲ್ ಹೊಡದು ಹೊಡದು ಹೆಣ್ಮಕ್ಕಳ ಮಾರಿ ಬಿಗೀತದ, ತುಟಿ ಕಚ್ಚಿದ್ಹಾಂಗ ಆಗ್ತದ, ಕಣ್ಣು ಹೊರಗ ಬರ್ತಾವ ಅಂತ ಹೆದರಿಸಿದ್ರು. ಹೆಣ್ಮಗಳು ಒಬ್ಬಾಕಿನ ಹೊಂಟಾಗ ಆಕಿ ಮಾರಿ ನೋಡಿ ಏನರೆ ಒಂದು ಹೆಸರು ಇಡೂದು ನಮ್ಮ ಓಣಿಯಾಗಷ್ಟ ಅಲ್ಲ, ಅಲ್ಲೂ ಇತ್ತು ಅಂತಾತು. ಬಾಯಿ ಮುಚ್ಚಿ ಹೋದ್ರ ಸೈಕಲ್ ಮಾರಿ, ಬಾಯಿ ತಗದ್ರ ತಲಿ ಕೆಟ್ಟದ.

ಆ ಕಾಲದಾಗ ಫ್ರಾನ್ಸೆಸ್ ವಿಲ್ಲರ್ಡ್ ಅಂತ ಒಬ್ಬಾಕಿ ಇದ್ಲು. ಕುಡಿತದ ವಿರುದ್ಧ ಹೋರಾಡೋ ಅಮೆರಿಕಾದ ಹೆಣ್ಮಕ್ಕಳ ದೊಡ್ಡ ಸಂಘಕ್ಕ ಅಧ್ಯಕ್ಷಿ. ತಾಯಿ ತೀರಿಕೊಂಡಿದ್ಲು, ದುಡದು ದುಡದು ಮೈಯೂ ಸೋತಿತ್ತು. ಇಂಥಾದ್ದರಾಗ 53ನೇ ವಯಸ್ಸಿನ್ಯಾಗ ಸೈಕಲ್ ಕಲೀಲಿಕ್ಕೆ ಕೂತ್ಲು. ದಿನಾ ಸ್ವಲ್ಪ ಸ್ವಲ್ಪ ಹೊತ್ತು, ಸುಮಾರು ಮೂರು ತಿಂಗಳು ಬೇಕಾತು. ತನ್ನ ಸೈಕಲ್ಲಿಗೆ ಗ್ಲ್ಯಾಡಿಸ್ ಅಂತ ಹೆಸರಿಟ್ಲು. ಹೆಸರು ಇಟ್ಟ ಮ್ಯಾಲೆ ಅದು ಬರೇ ಕಬ್ಬಿಣ ಹೆಂಗ ಆದೀತು? ನಮ್ಮವರು ಬೀಸುಕಲ್ಲಿಗೆ ತಾಯಿ ಅಂದ್ಹಾಂಗನ ಅದು. ಗಾಲಿ ಮ್ಯಾಲೆ ಕೂತಾಗ ಮನಸಿನ್ಯಾಗ ಏನೇನು ಬಂತು, ಅಂಜಿಕಿ ಹೆಂಗ ಹೋತು ಅನ್ನೂದನ್ನ ಆಕಿ 1895ರಾಗ ಸಣ್ಣ ಪುಸ್ತಕ ಮಾಡಿ ಬರದ್ಲು. ಮರುವರ್ಷ, 1896ರಾಗ, ಹೆಣ್ಮಕ್ಕಳ ಮತದ ಹಕ್ಕಿಗೆ ಜೀವಾ ತೇದ ಸೂಸನ್ ಆಂಥನಿ ಒಬ್ಬ ಪತ್ರಕರ್ತೆ ಮುಂದ ಹೇಳಿದ್ಲು, ಹೆಣ್ಮಕ್ಕಳನ್ನ ಬಿಡುಗಡೆ ಮಾಡೂದರಾಗ ಸೈಕಲ್ಲಿನಷ್ಟು ಕೆಲಸ ಜಗತ್ತಿನ್ಯಾಗ ಬ್ಯಾರೆ ಯಾವುದೂ ಮಾಡಿಲ್ಲ ಅಂತ.

ನಮ್ಮ ದೇಶದಾಗ ಸೈಕಲ್ ಮೊದಲು ಪರದೇಶದಿಂದ ಬಂದು, ಸಾಹೇಬರು ಶ್ರೀಮಂತರ ಮನಿಯಾಗ ಇತ್ತು. ಸ್ವಾತಂತ್ರ್ಯ ಬಂದ ಮ್ಯಾಲೆ ಮದ್ರಾಸಿನ ಟಿ.ಐ. ಸೈಕಲ್ಸ್ 1949ರಾಗ, ಸೋನೆಪತ್ತಿನ ಅಟ್ಲಾಸ್ 1951ರಾಗ, ಲೂಧಿಯಾನಾದ ಹೀರೋ 1956ರಾಗ ಶುರು ಆದ್ವು. ಆಮ್ಯಾಲೆ ಮಾಸ್ತರರು, ಪೋಸ್ಟಮನ್, ಹಾಲಿನವರು ಎಲ್ಲಾರ ಮನಿ ಕಟ್ಟಿಗೂ ಒಂದು ಸೈಕಲ್ ಆನಿಸಿ ನಿಂತಿತು. ಕತ್ತಲಾದ ಮ್ಯಾಲೆ ದೀಪ ಇರದ ಹೋದ್ರ ಪೊಲೀಸರು ಹಿಡೀತಿದ್ರು, ಡಬಲ್ ಹೋದ್ರ ಗಾಳಿ ಬಿಡ್ತಿದ್ರು. ಇದೆಲ್ಲಾ ನಮ್ಮ ಹಿರ್ಯಾರು ಹೇಳಿ ಹೇಳಿ ನಮಗ ಬಾಯಿಪಾಠ ಆಗಿದ್ದು.

ನಮ್ಮ ಸಣ್ಣತ್ತಿ 1970ರ ದಶಕದಾಗ ಧಾರವಾಡದಿಂದ ಏಳು ಕಿಲೋಮೀಟರ್ ದೂರದ ಒಂದು ಹಳ್ಳಿ ಸಾಲಿಗೆ ಸೈಕಲ್ ಮ್ಯಾಲೆ ಹೋಗ್ತಿದ್ಲು. ಗಂಡ ಸಣ್ಣ ವಯಸ್ಸಿನ್ಯಾಗ ತೀರಿಕೊಂಡಿದ್ರು. ಎರಡು ಮಕ್ಕಳನ್ನ ಕಟಗೊಂಡು ತವರಿಗೆ ಬಂದಿದ್ಲು. ಮನಿಯಾಗ ಹನ್ನೊಂದು ಮಂದಿ, ಖೋಲಿ ಎರಡ. ಅಂಥಾ ಮನಿಯಾಗ ಅಳಬೇಕಂದ್ರೂ ಬಚ್ಚಲಮನಿ ಖಾಲಿ ಆಗೂತನಾ ಕಾಯಬೇಕು. ಒಂದಿನ ಹಾಲಿನಾಂವ ಬಂದು ನಮ್ಮ ದೊಡ್ಡಪ್ಪಗ ಹೇಳಿದ, ‘ಅಣ್ಣಾರ, ನಿಮ್ಮ ತಂಗಿ ಸೈಕಲ್ ಮ್ಯಾಲೆ ಒಬ್ಬರ ಮಾತಾಡ್ಕೋತ ಹೋಗ್ತಾರ್ರಿ, ಒಮ್ಮೊಮ್ಮೆ ಕೈನೂ ಮಾಡ್ತಾರ.’ ಅವತ್ತ ರಾತ್ರಿ ಮನಿಯಾಗ ದೊಡ್ಡ ಪಂಚಾಯ್ತಿ. ಗಂಡ ಹೋದ ದುಃಖಕ್ಕ ತಲಿಗೆ ಏರಿದ್ಹಾಂಗ ಕಾಣಸ್ತದ, ನೌಕರಿ ಬಿಡಿಸೂದು ಚಲೋ, ಡಾಕ್ಟರ್ ಕಡೆ ಒಯ್ಯೋಣು ಅಂತ ದೊಡ್ಡಪ್ಪ ಅಂದ್ರು. ಅತ್ತಿ ಬಾಯಿ ಬಿಡಲಿಲ್ಲ. ಆವಾಗ ನಮ್ಮ ಅಜ್ಜಿ ಒಲಿ ಮುಂದಿಂದ ಎದ್ದು ಬಂದು ಅಂದ್ಲಂತ: ‘ಇಪ್ಪತ್ತು ವರ್ಷ ಬೀಸೂ ಮುಂದ ನಾನೂ ಒಬ್ಬಾಕಿನ ಮಾತಾಡೀನಿ. ನನ್ನ ಯಾವ ಡಾಕ್ಟರ್ ಕಡೆ ಒಯ್ದಿದ್ರೋ?’

ನೌಕರಿ ಉಳೀತು. ಅತ್ತಿ ಮುಂದ ಹದಿನೇಳು ವರ್ಷ ಸೈಕಲ್ ಮ್ಯಾಲೆನ ಸಾಲಿಗೆ ಹೋದ್ಲು. ಎರಡೂ ಮಕ್ಕಳನ್ನ ಅದ ಪಗಾರದಾಗ ಓದಿಸಿದ್ಲು.

ಏನು ಮಾತಾಡ್ತಿದ್ದಿ ಅತ್ತಿ ಅಂತ ರಿಟೈರ್ ಆದ ಮ್ಯಾಲೆ ನಾನ ಕೇಳೀನಿ. ಆಕಿ ಹಂಗ ದಾರಿ ಹೇಳಿದ್ಹಾಂಗ ಹೇಳಿದ್ಲು. ಮನಿಯಿಂದ ದೊಡ್ಡ ರಸ್ತಾ ಮುಟ್ಟೂತನಾ ಲೆಕ್ಕ: ಕಿರಾಣಿ ಅಂಗಡಿಯಂವಂದು ಎಷ್ಟು, ಹುಡುಗರ ಫೀ ಎಷ್ಟು, ಕೈಯಾಗ ಉಳಿದದ್ದು ಎಷ್ಟು. ಸಪಾಟ ದಾರ್ಯಾಗ ಅವತ್ತಿನ ಪಾಠ, ಹುಡುಗರಿಗೆ ಹೇಳೋ ಧಾಟಿಯೊಳಗನ. ಏರಿನ್ಯಾಗ ಮೌನ, ಯಾಕಂದ್ರ ಉಸರು ಸಾಲೂದಿಲ್ಲ. ಇಳಿಜಾರಿನ್ಯಾಗ ಮಾತ್ರ ಹಿಂದಿನ ದಿನ ಮನಿಯಾಗ ಯಾರಿಗೆ ಏನು ಅನ್ನಲಿಕ್ಕೆ ಆಗಿದ್ದಿಲ್ಲೋ ಅದು. ‘ಗಾಳಿ ಭರ್ರ್ ಅಂತ ಬರ್ತದ, ಯಾರಿಗೂ ಕೇಳಸೂದಿಲ್ಲ. ನಿಮ್ಮ ದೊಡ್ಡಪ್ಪಗ ಎಷ್ಟು ಸಲ ಬೈದೀನೋ ಆ ಇಳಿಜಾರಿಗೇ ಗೊತ್ತು’ ಅಂತ ನಕ್ಕಳು. ಓಣಿ ತಿರುವಿನ್ಯಾಗ ಎದುರಿಗೆ ಯಾರಿರದಿದ್ರೂ ಒಂದು ಸಲ ಬೆಲ್ ಹೊಡೀತಿದ್ಲಂತ, ಇನ್ನ ಸಾಕು ಅಂತ ತನಗ ತಾನ ಹೇಳ್ಕೊಳ್ಳಿಕ್ಕೆ.

ಇಳಿಜಾರಿನ ಮಾತು ಯಾರಿಗೂ ಕೇಳಸೂದಿಲ್ಲ ಅನ್ನೂದಕ್ಕ ಲೆಕ್ಕಾನೂ ಅದ. ಸಾವಕಾಶ ತುಳದ್ರೂ ಸೈಕಲ್ ತಾಸಿಗೆ ಹದಿನೈದು ಕಿಲೋಮೀಟರ್ ಹೋಗ್ತದ, ಅಂದ್ರ ಒಂದು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು. ಎದುರಿಗೆ ಬಂದಾಂವಗ ನಿಮ್ಮ ಒಂದೆರಡು ಶಬ್ದ ಸಿಗಬಹುದು, ಪೂರಾ ಮಾತು ಸಿಗೂದಿಲ್ಲ. ಬಸ್ಸಿನ್ಯಾಗ ಮಗ್ಗಲ ಒಬ್ಬಾಕಿ ಕೂತಿರ್ತಾಳ, ನಡಕೋತ ಹೋದ್ರ ಪರಿಚಯದವರು ಜೋಡಿ ಆಗ್ತಾರ. ಸೈಕಲ್ಲಿನ ಮ್ಯಾಲೆ ಕೂತಾಕಿಗೆ ಮಾತ್ರ ರಸ್ತಾದ ನಡಬರಕ ಒಂದು ಖೋಲಿ ಸಿಗ್ತದ. ಮತ್ತ ಆಕಿ ಏರಿನ ಮೌನದಾಗೂ ಖರೇ ಅದ. ಮೈಗೆ ಹದವಾದ ವ್ಯಾಯಾಮ ಅಂದ್ರ ಮಾತಾಡಲಿಕ್ಕೆ ಬರಬೇಕು, ಹಾಡಲಿಕ್ಕೆ ಬರಬಾರದು ಅಂತ ಡಾಕ್ಟರು ಈಗಲೂ ಹೇಳ್ತಾರ. ಮಾತೂ ನಿಂತ್ರ ಅದು ಕಠಿಣ ವ್ಯಾಯಾಮ.

ತನ್ನ ಜೋಡಿ ತಾನ ಮಾತಾಡೂದನ್ನ ಪಂಡಿತರೂ ನೋಡ್ಯಾರ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1923ರಾಗ ಬರದ, ಸಣ್ಣ ಹುಡುಗರು ಎದುರಿಗೆ ಯಾರದಾರ ಅಂತ ನೋಡದ ತಮ್ಮಷ್ಟಕ್ಕ ಮಾತಾಡ್ತಾವ, ದೊಡ್ಡವಾದಂಗ ಬಿಡ್ತಾವ ಅಂತ. ರಷ್ಯಾದ ಲೆವ್ ವಿಗೋಟ್‌ಸ್ಕಿ ಇದಕ್ಕ ಒಪ್ಪಲಿಲ್ಲ. ಅಂವ ಹುಡುಗರ ಕೆಲಸದಾಗ ಬೇಕಂತ ಅಡಚಣಿ ತಂದು ನೋಡಿದ. ಕೆಲಸ ಕಠಿಣ ಆದಂಗ ಆ ಮಾತು ಹೆಚ್ಚಾತು. ಒಂದು ಹುಡುಗ ಟ್ರಾಮ್ ಗಾಡಿ ಚಿತ್ರಾ ತಗೀತಿದ್ದ, ಪೆನ್ಸಿಲ್ ಮುರೀತು. ‘ಮುರೀತು’ ಅಂತ ತನಗ ತಾನ ಅಂದು, ಬಣ್ಣ ತಗೊಂಡು ಮುರಕ ಟ್ರಾಮಿನ ಚಿತ್ರಾನ ತಗದ. ಬಾಯಿಂದ ಬಂದ ಮಾತು ಮುಂದಿನ ಕೆಲಸಕ್ಕ ದಾರಿ ತೋರಿಸ್ತು. ಈ ಮಾತು ದೊಡ್ಡವರಾದ ಮ್ಯಾಲೆ ಹೋಗೂದಿಲ್ಲ, ಒಳಗ ಇಳದು ವಿಚಾರ ಆಗ್ತದ ಅಂತ ವಿಗೋಟ್‌ಸ್ಕಿ ಹೇಳಿದ. ಅವನ ಪುಸ್ತಕ ಬಂದದ್ದು 1934ರಾಗ, ಅದ ವರ್ಷ ಅಂವ ತೀರಿಕೊಂಡ.

ಈಚೆಗೂ ಸಂಶೋಧನಾ ಆಗ್ಯಾವ. 2012ರಾಗ ಅಮೆರಿಕಾದ ಇಬ್ಬರು ಸಂಶೋಧಕರು, ಹುಡುಕೋ ಸಾಮಾನಿನ ಹೆಸರು ಬಾಯಿಲೆ ಅಂದ್ಕೋತ ಹುಡುಕಿದ್ರ ಅದು ಬ್ಯಾಗನ ಸಿಗ್ತದ ಅಂತ ತೋರಿಸಿದ್ರು. ‘ಜೀರಿಗಿ ಜೀರಿಗಿ’ ಅಂದ್ಕೋತ ಡಬ್ಬಿ ತಡಕೋ ನಮ್ಮ ವೈನಿಯಾರಿಗೆ ಇದು ಮೊದಲ ಗೊತ್ತಿತ್ತು! 2014ರಾಗ ಈಥನ್ ಕ್ರಾಸ್ ಮತ್ತ ಜೋಡಿಯವರು ನಡಿಸಿದ ಪ್ರಯೋಗದಾಗ, ಅಂಜಿಕಿ ಹೊತ್ತಿನ್ಯಾಗ ‘ನಾನು’ ಅನ್ನೂಕಿಂತ ತನ್ನ ಹೆಸರು ಹಿಡದು ತಾನ ಕರಕೊಂಡು ಮಾತಾಡಿದವರಿಗೆ ಧೈರ್ಯ ಹೆಚ್ಚು ಬಂತು. ದೋಸ್ತಿಗೆ ಹೇಳಿದ್ಹಾಂಗ ತನಗ ಹೇಳ್ಕೊಂಡ್ರ ಕಷ್ಟ ಒಂದು ಗೇಣು ದೂರ ಸರೀತದ.

ಸೈಕಲ್ಲೂ ಹೆಣ್ಮಕ್ಕಳ ಬಾಯೂ ಒಟ್ಟಿಗೆ ಬಿಚ್ಚಿದ ದೊಡ್ಡ ಉದಾಹರಣಿ ನಮ್ಮ ಮಗ್ಗಲ ತಮಿಳುನಾಡಿಂದು. 1991ರ ಸುಮಾರಿಗೆ ಪುದುಕೋಟೈ ಜಿಲ್ಲಾದಾಗ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರು ಅಕ್ಷರ ಕಲಿಸೋ ಚಳವಳಿ ಜೋಡಿ ಸೈಕಲ್ ಕಲಿಸೂದನ್ನೂ ಹಚ್ಚಿದ್ರು. ಕಲ್ಲಿನ ಕ್ವಾರಿಯವರು, ಹೊಲದ ಕೂಲಿಯವರು, ನರ್ಸಬಾಯಿಯವರು, ಸಾಲಿ ಬಾಯಿಯವರು ಎಲ್ಲಾ ಕಲತ್ರು. ಲೇಡಿಸ್ ಸೈಕಲ್ ಸಾಲದ ಬಂದಾಗ ಗಂಡಸರ ಸೈಕಲ್ಲನ ತಗೊಂಡ್ರು, ದಂಡದ ಮ್ಯಾಲೆ ಕೂಸು ಕೂಡಿಸಲಿಕ್ಕೆ ಅದ ಚಲೋ ಅಂತ. ಸೈಕಲ್ ಕಲಿಯೋ ಪದಾನೂ ಹುಟ್ಟಿತು. ಮಂದಿ ಹೊಲಸು ಮಾತಾಡಿದ್ರು, ಇವರು ತುಳದ್ರು. ಒಂದು ಲಕ್ಷಕ್ಕಿಂತ ಹೆಚ್ಚು ಹಳ್ಳಿ ಹೆಣ್ಮಕ್ಕಳು ಕಲತದ್ದನ್ನ ಪತ್ರಕರ್ತ ಪಿ. ಸಾಯಿನಾಥ್ ಬರದಾರ.

2006ರಾಗ ಬಿಹಾರ ಸರಕಾರ ಒಂಬತ್ತನೇ ಇಯತ್ತೆ ಹುಡಿಗ್ಯಾರಿಗೆ ಸೈಕಲ್ ಕೊಳ್ಳಲಿಕ್ಕೆ 2000 ರೂಪಾಯಿ ಕೊಡಲಿಕ್ಕೆ ಹತ್ತಿತು. ಹೈಸ್ಕೂಲಿಗೆ ಹೆಸರು ಹಚ್ಚೋ ಹುಡಿಗ್ಯಾರ ಪ್ರಮಾಣ ಅದರಿಂದ ಶೇಕಡಾ 32ರಷ್ಟು ಏರಿತು ಅಂತ ಕಾರ್ತಿಕ್ ಮುರಳೀಧರನ್ ಮತ್ತ ನಿಶಿತ್ ಪ್ರಕಾಶ್ ಲೆಕ್ಕ ಹಾಕ್ಯಾರ. ನಮ್ಮ ಕರ್ನಾಟಕದಾಗೂ 2006-07ರಿಂದ ಎಂಟನೇ ಇಯತ್ತೆ ಮಕ್ಕಳಿಗೆ ಸೈಕಲ್ ಕೊಡೋ ಯೋಜನಾ ಶುರು ಆತು. ಹಳ್ಳಿ ದಾರ್ಯಾಗ ಸಾಲು ಹಿಡದು ಹೊಂಟ ಆ ಹುಡಿಗ್ಯಾರನ್ನ ನೋಡೂದ ಒಂದು ಚಂದ.

ಆದ್ರ ಆ ಹುಡಿಗಿ ಸಾಲಿ ಮುಗಿಸಿದ ಮ್ಯಾಲೆ ಸೈಕಲ್ ಎಲ್ಲಿ ಹೋಗ್ತದ ನೋಡ್ರಿ. ತಮ್ಮಗ ಹೋಗ್ತದ, ಇಲ್ಲಾ ಅಟ್ಟಕ್ಕ ಹೋಗ್ತದ. ಲಗ್ನಾದ ಮ್ಯಾಲೆ ಗಂಡನ ಗಾಡಿ ಹಿಂದ ಕೂಡ್ತಾಳ, ಇಲ್ಲಾ ಫುಲ್ ತುಂಬಿದ ಟಂಟಂ ಹತ್ತತಾಳ. ಒಂಟಿ ಹೊತ್ತು ಮತ್ತ ಕೈ ಬಿಡ್ತದ. ಸ್ಕೂಟಿ ಇದ್ದವರೂ ಈಗ ಕಿವ್ಯಾಗ ಬಟನ್ ಹಾಕ್ಕೊಂಡು ಫೋನಿನ್ಯಾಗ ಇರ್ತಾರ. 1979ರಾಗ ಜಪಾನಿನ ಸೋನಿ ಕಂಪನಿ ವಾಕ್‌ಮನ್ ತಂದಾಗಿಂದ ದಾರ್ಯಾಗಿನ ಕಿವಿ ಒಂದೊಂದ ಮುಚ್ಚಕೋತ ಬಂದಾವ. ಇದರಿಂದ ಒಂದು ಲಾಭಾನೂ ಆಗ್ಯದ. ಇವತ್ತು ರಸ್ತಾದ ಮ್ಯಾಲೆ ಒಬ್ಬಾಕಿನ ಮಾತಾಡ್ಕೋತ ಹೊಂಟ್ರ ಯಾರೂ ತಲಿ ಕೆಟ್ಟದ ಅನ್ನೂದಿಲ್ಲ, ಫೋನಿನ್ಯಾಗ ಇದ್ದಾಳ ಅಂತಾರ. ಇಂಥಾ ಅನುಕೂಲ ನಮ್ಮ ಅತ್ತಿಯಂಥಾವರಿಗೆ ಇದ್ದಿಲ್ಲ. ಬೇಕಾದವರು ಬಳಸಿಕೊಳ್ರಿ.

ಬೀಸುಕಲ್ಲಿನ ಮುಂದಿನ ಮಾತು ಹಲಸಂಗಿಯವರು ಬರಕೊಂಡದ್ದಕ್ಕ ನಮಗ ಸಿಕ್ಕಿತು. ಸೈಕಲ್ ಮ್ಯಾಲೆ ಆಡಿದ ಮಾತನ್ನ ಹಂಗ ಕೂಡಿಸಿ ಬರದಿಟ್ಟ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಮನಿಯಾಗ ಸಾಲಿ ಬಾಯಿ, ನರ್ಸಬಾಯಿ, ಪೋಸ್ಟಿನ್ಯಾಗ ಇದ್ದಾಕಿ, ಟೈಪಿಂಗಿಗೆ ಹೋಗ್ತಿದ್ದಾಕಿ ಯಾರರೆ ಸೈಕಲ್ ಹೊಡೀತಿದ್ರ, ಅವರಿನ್ನೂ ಇರೂದ್ರಾಗನ ಒಂದು ಮಧ್ಯಾಹ್ನ ಚಹಾ ಕೊಟ್ಟು ಮಗ್ಗಲ ಕೂಡ್ರಿ. ಎಷ್ಟು ದೂರ ಹೋಗ್ತಿದ್ರಿ ಅಂತ ಮೊದಲು ಕೇಳ್ರಿ, ಏರು ಎಲ್ಲಿತ್ತು ಅಂತ ಕೇಳ್ರಿ. ಆಮ್ಯಾಲೆ ಇಳಿಜಾರಿನ್ಯಾಗ ಯಾರಿಗೆ ಬೈತಿದ್ರಿ ಅಂತ ಕೇಳಿ, ಅವರು ಹೇಳಿದ್ಹಾಂಗನ, ಒಂದು ಶಬ್ದಾನೂ ತಿದ್ದದ ಬರಕೊಳ್ರಿ.